ಮೈಗಳ್ಳತನಕ್ಕೊಂದು ಕ್ಯಾಲೊರಿ ಲೆಕ್ಕ

ವಿಜಯಪುರದ ಎಷ್ಟೋ ಮನೆಗಳಲ್ಲಿ ಈಗ ನಡಿಗೆ ಪಡಸಾಲೆಯೊಳಗೇ ಮುಗಿಯುತ್ತದೆ. ಟಿ.ವಿ. ಪರದೆಯ ಮೇಲೆ ಯಾರೋ ಹೆಜ್ಜೆ ಎಣಿಸುತ್ತಾರೆ, ನಾವು ನಿಂತಲ್ಲೇ ಕಾಲೆತ್ತಿ ಇಡುತ್ತೇವೆ. ಅರ್ಧ ತಾಸಿಗೆ ಕೈಗಡಿಯಾರ ಇನ್ನೂರು, ಇನ್ನೂರೈವತ್ತು ಕ್ಯಾಲೊರಿ ಕರಗಿತೆಂದು ತೋರಿಸುತ್ತದೆ. ಅಂಕಿ ಕಂಡೊಡನೆ ಮನಸ್ಸು ನಿರಾಳವಾಗಿ, ಕೈ ಮಿರ್ಚಿ ಭಜಿಯ ತಟ್ಟೆಗೆ ಹೋಗುತ್ತದೆ. ಮನೆಯೊಳಗೆ ನಡೆಯುವುದನ್ನು ನಾನು ದೂರುವುದಿಲ್ಲ. ಮೊಣಕಾಲು ನೋಯುವ ವೃದ್ಧರಿಗೆ, ಊಟವಾದ ಮೇಲೆ ರಕ್ತದ ಸಕ್ಕರೆ ಏರುವವರಿಗೆ ಅದು ನಿಜವಾದ ಉಪಕಾರ. ನಾನು ದೂರುವುದು ಆ ಅಂಕಿಯನ್ನು ತಿನ್ನುವುದಕ್ಕೆ ಪರವಾನಗಿ ಮಾಡಿಕೊಂಡ ನಮ್ಮನ್ನು. ಆ ಅಂಕಿ ಉಬ್ಬಿದ್ದೆಂದು ನಮಗೆ ಗೊತ್ತು. ಗೊತ್ತಿದ್ದೂ ಅದನ್ನೇ ನಂಬುತ್ತೇವೆ, ನಂಬಿದರೆ ಸುಖವಿದೆ ಎಂಬ ಕಾರಣಕ್ಕೆ.

ಲೆಕ್ಕ ಕಷ್ಟದ್ದಲ್ಲ, ಹೈಸ್ಕೂಲಿನ ಹುಡುಗನೂ ಮಾಡಬಲ್ಲ. ಸುಮ್ಮನೆ ಕುಳಿತ ದೇಹ ಪ್ರತಿ ಕಿಲೋ ತೂಕಕ್ಕೆ ತಾಸಿಗೆ ಸುಮಾರು ಒಂದು ಕ್ಯಾಲೊರಿ ಉರಿಸುತ್ತದೆ; ಇದನ್ನು 1 ಮೆಟ್ ಎನ್ನುತ್ತಾರೆ. ತಾಸಿಗೆ 5 ಕಿ.ಮೀ. ಹತ್ತಿರದ ಚುರುಕು ನಡಿಗೆ ಸುಮಾರು 3.5 ಮೆಟ್. 70 ಕಿಲೋ ತೂಗುವವರು ಅರ್ಧ ತಾಸು ಹಾಗೆ ನಡೆದರೆ ಒಟ್ಟು 122 ಕ್ಯಾಲೊರಿ. ಅದರಲ್ಲಿ 35 ಕ್ಯಾಲೊರಿ ಸೋಫಾಕ್ಕೆ ಒರಗಿದ್ದರೂ ಖರ್ಚಾಗುತ್ತಿತ್ತು. ನಡಿಗೆಯ ನಿಜವಾದ ಗಳಿಕೆ 87. ಇನ್ನು ಪಡಸಾಲೆಯಲ್ಲಿ ಧಾರಾವಾಹಿ ನೋಡುತ್ತ, ಮಧ್ಯೆ ಫೋನಿಗೆ ಉತ್ತರಿಸುತ್ತ ಎಳೆದ ಹೆಜ್ಜೆ 2.5 ಮೆಟ್ ಮುಟ್ಟಿದರೆ ಅದೇ ದೊಡ್ಡದು. ಆಗ ಗಳಿಕೆ ಐವತ್ತರ ಆಸುಪಾಸು. ಹತ್ತಿರದ ತಿಕೋಟಾದ ಒಣದ್ರಾಕ್ಷಿ 30 ಗ್ರಾಂ ಬಾಯಿಗೆ ಹಾಕಿಕೊಂಡರೆ 90 ಕ್ಯಾಲೊರಿ. ಒಂದು ಶೇಂಗಾ ಹೋಳಿಗೆ ತಿಂದರಂತೂ ಇಡೀ ಅರ್ಧ ತಾಸಿನ ಗಳಿಕೆ ತೀರಿ ಮೇಲೆ ಸಾಲ ಉಳಿಯುತ್ತದೆ. ಕಿರಾಣಿ ಅಂಗಡಿಯವನು ಹೀಗೆ ಬಂದದ್ದನ್ನು ಎರಡರಷ್ಟು ಬರೆದು, ಕೊಟ್ಟದ್ದನ್ನು ಬರೆಯದೇ ಬಿಟ್ಟರೆ ಅಂಗಡಿ ಎಷ್ಟು ದಿನ ನಡೆದೀತು?

ಯಂತ್ರ ಹೇಳಿತಲ್ಲ ಎಂಬ ಸಮಾಧಾನವೂ ನಿಲ್ಲದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ನಾಡಿಮಿಡಿತವನ್ನು ಏಳರಲ್ಲಿ ಆರು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯ ವಿಷಯಕ್ಕೆ ಬಂದಾಗ ಎಲ್ಲಕ್ಕಿಂತ ಉತ್ತಮವಾದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತು, ಕಳಪೆಯದು ಶೇ. 93ರಷ್ಟು. ಮೆಟ್ ಅಳತೆಯ ಬುಡವೇ ಅಷ್ಟು ಗಟ್ಟಿಯಲ್ಲ: ವಿಶ್ರಾಂತಿಯಲ್ಲಿ ನಿಮಿಷಕ್ಕೆ ಕಿಲೋಗೆ 3.5 ಮಿ.ಲೀ. ಆಮ್ಲಜನಕ ಎಂಬ ಮೂಲ ಅಂಕಿ ಬಂದದ್ದು ಸುಮಾರು 70 ಕಿಲೋ ತೂಗುವ, ನಲವತ್ತರ ಪ್ರಾಯದ ಒಬ್ಬ ಗಂಡಸಿನಿಂದ. 2005ರಲ್ಲಿ ನೂರಾರು ಜನರನ್ನು ಅಳೆದಾಗ ಸರಾಸರಿ ಸಿಕ್ಕಿದ್ದು 2.6 ಮಾತ್ರ. ನಮ್ಮ ನಾಡಿನ ಮೈಯಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು. ಆ ಲೆಕ್ಕದಲ್ಲಿ ನಾವು ಇನ್ನೂ ಹಿಂದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ನಾವು ಜಪಿಸುವ ಗುರಿ ಕೂಡ ಯಾವ ವೈದ್ಯನೂ ಬರೆದುಕೊಟ್ಟದ್ದಲ್ಲ, 1965ರ ಸುಮಾರಿಗೆ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ಇದೆಲ್ಲ ಗುಟ್ಟೇನೂ ಅಲ್ಲ. ಕೈಯಲ್ಲಿ ಹಿಡಿದ ಫೋನಿನಲ್ಲೇ ಓದಬಹುದು. ಓದುವುದಿಲ್ಲ.

ನಮ್ಮ ಹಿರಿಯರು ಕ್ಯಾಲೊರಿ ಎಂಬ ಮಾತನ್ನೇ ಕೇಳಿರಲಿಲ್ಲ. ತಿಕೋಟಾದಿಂದಲೂ ಬಬಲೇಶ್ವರದಿಂದಲೂ ವಿಜಯಪುರ ಇಪ್ಪತ್ತು-ಇಪ್ಪತ್ತೈದು ಕಿ.ಮೀ.; ಸಂತೆಗೆ, ಕೋರ್ಟಿಗೆ, ದವಾಖಾನೆಗೆ ಅದನ್ನು ನಡೆದು ಬಂದವರಿದ್ದರು. ನಸುಕಿನಲ್ಲಿ ಬೀಸುಕಲ್ಲು ತಿರುವಿ ಜೋಳದ ಹಿಟ್ಟು ಮಾಡಿ, ಬಾವಿಯಿಂದ ನೀರು ಸೇದಿ ತಲೆ ಮೇಲೆ ಹೊತ್ತು ತಂದು, ಆಮೇಲೆ ಹೊಲಕ್ಕೆ ಹೋದ ತಾಯಂದಿರ ಮಕ್ಕಳು ನಾವು. ಕೂರಿಗೆಯ ಹಿಂದೆ, ಎಡೆಕುಂಟೆಯ ಹಿಂದೆ ದಿನವಿಡೀ ನಡೆದವರ ಮೊಮ್ಮಕ್ಕಳು. ಆ ದುಡಿಮೆಯನ್ನು ನಾನು ಹಾಡಿ ಹೊಗಳುತ್ತಿಲ್ಲ. ಅದರಲ್ಲಿ ಬರ ಇತ್ತು, ಹಸಿವಿತ್ತು, ಹೆಣ್ಣಿನ ಬೆನ್ನು ಮುರಿಯುವ ಅನ್ಯಾಯವಿತ್ತು. ಅದು ತೊಲಗಿದ್ದು ಒಳ್ಳೆಯದೇ. ಆದರೆ ತೊಲಗಿದ ಆ ಶ್ರಮದ ಜಾಗದಲ್ಲಿ ನಾವೇನು ಇಟ್ಟೆವು? ಊಟ ಅದೇ ಉಳಿಯಿತು, ಎಣ್ಣೆ ಸಕ್ಕರೆ ಹೆಚ್ಚಿದವು, ನಡಿಗೆ ಪಡಸಾಲೆಗೆ ಇಳಿಯಿತು. ಗಾಂಧಿ ಚೌಕದಿಂದ ನಾಲ್ಕು ಹೆಜ್ಜೆ ಆಚೆಗೆ ಔಷಧ ತರಲು ಬೈಕಿನ ಕೀಲಿ ಹುಡುಕುತ್ತೇವೆ, ಔಷಧ ಸಕ್ಕರೆ ಕಾಯಿಲೆಯದ್ದೇ ಆಗಿದ್ದರೂ. ಹಾಗೆ ಉಳಿಸಿದ ಹೆಜ್ಜೆಗಳನ್ನು ಸಂಜೆ ಫ್ಯಾನಿನ ಕೆಳಗೆ ನಿಂತು ಎಣಿಸುತ್ತೇವೆ.

ದೂರ ಹೋಗಬೇಕಿಲ್ಲ. ತಿಕೋಟಾದ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಸವರುವ, ದಿನಗಳಲ್ಲಿ ಕೂಲಿಯವರು ತಲೆಯ ಮೇಲಿನ ಬಳ್ಳಿಗೆ ಕೈಯೆತ್ತಿ ಬೆಳಗಿನಿಂದ ಸಂಜೆಯವರೆಗೆ ನಿಂತಿರುತ್ತಾರೆ. ಒಣದ್ರಾಕ್ಷಿ ಶೆಡ್ಡುಗಳಲ್ಲಿ ಹೆಂಗಸರು ಬಾಗಿ, ಎತ್ತಿ, ಹರವಿ ದುಡಿಯುತ್ತಾರೆ. ಅವರ ಮಣಿಕಟ್ಟಿನಲ್ಲಿ ಯಾವ ಯಂತ್ರವೂ ಇಲ್ಲ, ಅವರು ಉರಿಸಿದ್ದನ್ನು ಯಾರೂ ಎಣಿಸುವುದಿಲ್ಲ, ಸಂಜೆಯ ಬುತ್ತಿ ಅದಕ್ಕೆ ಸಾಲುವುದೂ ಇಲ್ಲ. ಅದೇ ಶೆಡ್ಡಿನ ಹಣ್ಣನ್ನು ಬಟ್ಟಲಲ್ಲಿಟ್ಟುಕೊಂಡು, ಐವತ್ತು ಕ್ಯಾಲೊರಿಯನ್ನು ಇನ್ನೂರೆಂದು ಸಂಭ್ರಮಿಸುವವರು ನಾವು. ಈ ಅಂತರಕ್ಕೆ ನಮಗೆ ನಾಚಿಕೆಯಾಗಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ಅಪರಾಧ ಮಕ್ಕಳ ವಿಷಯದಲ್ಲಿ ನಡೆಯುತ್ತಿದೆ. ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಎರಡು ಓಣಿ ಆಚೆಗಿನ ಶಾಲೆಗೆ ಸ್ಕೂಟರಿನಲ್ಲಿ ಬಿಡುತ್ತೇವೆ, ಸಂಜೆ ಟ್ಯೂಶನ್ನಿಗೆ ಕರೆದೊಯ್ಯುತ್ತೇವೆ, ರಾತ್ರಿ ಉಣ್ಣಲೊಲ್ಲೆ ಎಂದರೆ ಕೈಗೆ ಫೋನು ಕೊಡುತ್ತೇವೆ. ನಾವು ಪಡಸಾಲೆಯಲ್ಲಿ ಹೆಜ್ಜೆ ಎಣಿಸುವಾಗ ಮಗು ಪಕ್ಕದಲ್ಲಿ ಕುರುಕಲಿನ ಪ್ಯಾಕೆಟ್ ಹಿಡಿದು ಕುಳಿತು ನೋಡುತ್ತಿರುತ್ತದೆ. ಆ ಮಗು ಕಲಿಯುವುದು ಯಂತ್ರಕ್ಕೆ ಒಪ್ಪಿಸುವ ನಡಿಗೆಯನ್ನು. ಸಂತೆಗೆ ಚೀಲ ಹಿಡಿದು ಹೋಗುವುದನ್ನು, ಗೋಳಗುಮ್ಮಟದ ಮೆಟ್ಟಿಲು ಏದುಸಿರು ಬಿಡುತ್ತ ಹತ್ತುವುದನ್ನು, ಮಮದಾಪುರದ ಕೆರೆಯ ದಂಡೆಯಲ್ಲಿ ಓಡುವುದನ್ನು ಕಲಿಸಬೇಕಾದವರು ನಾವೇ ಆಗಿದ್ದೆವು.

ನೆಪಗಳು ನನಗೂ ಗೊತ್ತು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಪಾದಚಾರಿ ದಾರಿ ಎಷ್ಟೋ ಕಡೆ ಇಲ್ಲ, ಇದ್ದಲ್ಲಿ ಅಂಗಡಿಯ ಸಾಮಾನು, ನಿಲ್ಲಿಸಿದ ಬೈಕು. ಕತ್ತಲಾದ ಮೇಲೆ ಒಬ್ಬಂಟಿ ಹೆಂಗಸು ನಡೆದರೆ ಓಣಿಯ ಕಣ್ಣು ಅವಳ ಬೆನ್ನ ಮೇಲೆ. ಇವು ನಿಜವಾದ ತೊಡಕುಗಳು. ಹಾಗಾದರೆ ಇವನ್ನು ಸರಿಪಡಿಸಿ ಎಂದು ಕೇಳುವವರು ಯಾರು? ವೃಕ್ಷಥಾನ್ ಓಟದ ದಿನ ಟೀ ಶರ್ಟ್ ತೊಟ್ಟು ಫೋಟೊ ತೆಗೆಸಿಕೊಳ್ಳುವ ನಾವು, ಉಳಿದ ದಿನಗಳಲ್ಲಿ ನಡೆಯಲು ದಾರಿ ಕೊಡಿ ಎಂದು ಪಾಲಿಕೆಯ ಬಾಗಿಲಿಗೆ ಹೋದದ್ದುಂಟೇ? ನಮ್ಮದೇ ಅಂಗಡಿಯ ಸಾಮಾನನ್ನು ಒಳಗೆ ಸರಿಸಿದ್ದುಂಟೇ? ಹೆಂಡತಿ, ಮಗಳು ಬೆಳಗ್ಗೆ ನಡೆಯಲು ಹೋಗಲೆಂದು ಒಂದು ತಾಸು ಮನೆಗೆಲಸ ಹಿಡಿದದ್ದುಂಟೇ? ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಕಷ್ಟು ಮೈ ದುಡಿಸುವುದಿಲ್ಲವೆಂದು 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ತೋರಿಸಿದೆ. 2000ದಲ್ಲಿ ಈ ಪ್ರಮಾಣ ಶೇ. 22ರಷ್ಟಿತ್ತು. 2000ದಲ್ಲಿ ಈ ಪ್ರಮಾಣ ಶೇ. 22ರಷ್ಟಿತ್ತು. ಇದು ಹೆಂಗಸರ ಸೋಮಾರಿತನವಲ್ಲ, ಅವರಿಗೆ ಹೊತ್ತನ್ನೂ ದಾರಿಯನ್ನೂ ಬಿಟ್ಟುಕೊಡದ ನಮ್ಮ ಸೋಮಾರಿತನ.

ಪರಿಣಾಮ ಕಾದು ಕುಳಿತಿಲ್ಲ, ಬಂದಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಕಾಲಿನ ಹುಣ್ಣು ಮಾಯದವರು, ಕಣ್ಣು ಮಂಜಾದವರು, ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಹೋಗುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಮಣಿಕಟ್ಟಿನ ಯಾವ ಅಂಕಿಯೂ ಅವರ ನೆರವಿಗೆ ಬರಲಿಲ್ಲ.

ಆದ್ದರಿಂದ ಕ್ಯಾಲೊರಿಯ ಅಂಕಿಯನ್ನು ಮುಚ್ಚಿಬಿಡಿ. ಮನೆಯಲ್ಲೇ ನಡೆಯುವುದಾದರೆ ನಿಮಿಷಕ್ಕೆ ನೂರು ಹೆಜ್ಜೆ ಬೀಳಲಿ, ಮಾತಾಡಲು ಬರಬೇಕು, ಹಾಡಲು ಬರಬಾರದು. ವಾರಕ್ಕೆ 150 ನಿಮಿಷಕ್ಕೆ ಕಡಿಮೆಯಾಗದಿರಲಿ. ತಿಂಗಳಿಗೊಮ್ಮೆ ಸೊಂಟಕ್ಕೆ ಟೇಪು ಸುತ್ತಿ ನೋಡಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಂಬುದು ನಮ್ಮ ಜನರಿಗೆ ಹಾಕಿದ ಗಡಿ. ಅದನ್ನು ದಾಟಿದ್ದರೆ ಆ ಅಂಕಿಯನ್ನು ಮಕ್ಕಳ ಮುಂದೆಯೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಮತ್ತು ನಾಳೆ ಬೆಳಗ್ಗೆ ಅವರನ್ನು ಶಾಲೆಗೆ ನಡೆಸಿಕೊಂಡು ಹೋಗಿ.