ಬೀದಿದೀಪದ ಕಥೆ ಸಾಕು, ನಮ್ಮ ಕಥೆ ಹೇಳಿ



ಕಳೆದ ಭಾನುವಾರ ನಮ್ಮ ಹುಡುಗರ ಎಫ್‌ಡಿಎ, ಪಿಎಸ್‌ಐ ಕೋಚಿಂಗ್ ಕ್ಲಾಸಿಗೆ ಹೋಗಿದ್ದೆ. ಒಬ್ಬ ಭಾಷಣಕಾರರು ಬೀದಿದೀಪದ ಕೆಳಗೆ ಓದಿ ಸಾಹೇಬನಾದವನ ಕಥೆ ಹೇಳಿದರು. "ಮನಸ್ಸು ಮಾಡಿದ್ರೆ ಎಲ್ರೂ ಗೆಲ್ತೀರಿ, ಜಾತಿಗೀತಿ ಎಲ್ಲಾ ನೆಪ" ಅಂದರು. ಚಪ್ಪಾಳೆಯೂ ಬಿತ್ತು.

ಆಮೇಲೆ ಒಬ್ಬ ಹುಡುಗ ನನ್ನ ಹತ್ರ ಬಂದ. "ಅಣ್ಣಾ, ಎರಡು ಸಲ ಫೇಲಾದೆ. ಹಂಗಾದ್ರೆ ತಪ್ಪೆಲ್ಲಾ ನಂದೇನಾ?"

ಕಥೆ ಬೇಡ ಅಂತಿಲ್ಲ. ಯಾವ ಕಥೆ, ಯಾರು ಹೇಳ್ತಾರೆ ಅನ್ನೋದೇ ಪ್ರಶ್ನೆ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ದಾರಿ ಹುಡುಕುವ ಒಗಟು ಕೊಟ್ಟಿದ್ದರು. ಜಾತಿ ಹೇಳದಿದ್ದಾಗ ದಲಿತ ಹುಡುಗರು ಮೇಲ್ಜಾತಿಯವರಿಗೆ ಸಮ ಸಮ ಬಿಡಿಸಿದರು. ಎಲ್ಲರೆದುರು ಜಾತಿ ಕೂಗಿ ಹೇಳಿದಾಗ ಹಿಂದೆ ಬಿದ್ದರು. ಬುದ್ಧಿ ಕಮ್ಮಿ ಆಗಿದ್ದಲ್ಲ, ಎದೆ ಕುಗ್ಗಿದ್ದು. ಇದು ನೆಪವಾ?

ಅಮೆರಿಕದಲ್ಲಿ ವಾಲ್ಟನ್ ಮತ್ತು ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ ತೋರಿಸುತ್ತೆ. ಹೊಸದಾಗಿ ಕಾಲೇಜು ಸೇರಿದವರಿಗೆ ಸೀನಿಯರ್‌ಗಳ ಅನುಭವ ಓದಿಸಿದರು. "ಇದು ನನ್ನ ಜಾಗ ಅಲ್ಲ ಅಂತ ಮೊದಲು ನಮಗೂ ಅನಿಸಿತ್ತು, ಆಮೇಲೆ ಸರಿಹೋಯ್ತು" ಅನ್ನೋ ಥರದ್ದು. ಆಮೇಲೆ ಅವರ ಅನುಭವವನ್ನೂ ಬರೆಸಿದರು. ಒಂದು ಗಂಟೆಯ ಕೆಲಸ ಅಷ್ಟೆ. ಮುಂದಿನ ಮೂರು ವರ್ಷದಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತು, ಆರೋಗ್ಯವೂ ಸುಧಾರಿಸಿತು.

ಬೇರೆಯವರು ನಮ್ಮ ಜಾತಿ ಕೂಗಿದರೆ ಕುಗ್ಗುತ್ತೇವೆ. ನಾವೇ ನಮ್ಮ ಕಥೆ ಹೇಳಿಕೊಂಡರೆ ನೆಟ್ಟಗಾಗುತ್ತೇವೆ. ಬಾಬಾಸಾಹೇಬರು ಇದನ್ನು ಬಲ್ಲವರು. ಬಾಲ್ಯದಲ್ಲಿ ಅಪ್ಪನನ್ನು ನೋಡಲು ಹೊರಟಾಗ ಗಾಡಿಯವನು ಹತ್ತಿಸಿಕೊಳ್ಳಲು ಒಪ್ಪದ್ದು, ರಾತ್ರಿಯಿಡೀ ನೀರು ಸಿಗದ್ದು, ಎಲ್ಲವನ್ನೂ ಮುಚ್ಚಿಡದೆ ಬರೆದರು. ಗೆದ್ದ ಮೇಲೆ ಗಾಯ ಮರೆಸಲಿಲ್ಲ.

ಆ ಹುಡುಗನಿಗೆ ನನ್ನದೇ ಕಥೆ ಹೇಳಿದೆ. ನನ್ನ ಮೊದಲ ಇಂಟರ್‌ವ್ಯೂನಲ್ಲಿ "ಊರಲ್ಲಿ ನಿಮ್ಮ ಮನೆ ಯಾವ ಕಡೆ?" ಅಂತ ಕೇಳಿದ್ದರು. ನಾಲಿಗೆ ಒಣಗಿ, ಗೊತ್ತಿದ್ದ ಉತ್ತರವೂ ಬರಲಿಲ್ಲ. ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಅವನು ಸುಮ್ಮನಿದ್ದು ಅಂದ, "ವೈವಾದಲ್ಲಿ ನಂಗೂ ಹಂಗೇ ಆಗಿತ್ತಣ್ಣ." ಅವತ್ತು ಮೊದಲ ಸಲ ಬಾಯಿಬಿಟ್ಟಿದ್ದ.

ಕೆಲಸ ಸಿಕ್ಕ ಅಕ್ಕ-ಅಣ್ಣಂದಿರಲ್ಲಿ ಒಂದೇ ಮನವಿ. ನೀವು ಓದಿದ ಹಾಸ್ಟೆಲಿಗೆ ತಿಂಗಳಿಗೊಂದು ಗಂಟೆ ಹೋಗಿ. ರ‍್ಯಾಂಕ್ ಬಂದಿದ್ದನ್ನಷ್ಟೇ ಅಲ್ಲ, ಸೋತಿದ್ದನ್ನೂ, ಅತ್ತಿದ್ದನ್ನೂ, ಆಗ ಯಾರು ಕೈ ಹಿಡಿದರು ಅನ್ನೋದನ್ನೂ ಹೇಳಿ. ಆಮೇಲೆ ಮಕ್ಕಳು ಹೇಳೋದನ್ನ ಕೇಳಿ.

ಕಥೆ ಸ್ಕಾಲರ್‌ಶಿಪ್ಪಿಗೆ ಬದಲಿ ಅಲ್ಲ, ಅದಕ್ಕೆ ಹೋರಾಟ ಇದ್ದೇ ಇದೆ. ಆದರೆ "ತಪ್ಪೆಲ್ಲಾ ನಂದೇ" ಅಂದುಕೊಂಡ ಮಗು ಹೋರಾಟಕ್ಕೂ ಬರಲ್ಲ, ಪರೀಕ್ಷೆಗೂ ಕೂರಲ್ಲ.

ಜೈ ಭೀಮ್.