ಗೋಡೆ ಸರಣಿ 6: ಆ ಬಾಗಿಲನ್ನ ಕತ್ತರಿಸ್ಬೇಡಿ

ಫೋಟೋ 1

ಇದು ಹೋದ ವರ್ಷ ನಾನೇ ಮಾಡಿದ ವಾಲ್ ಆರ್ಟ್. ನಿಮ್ಮಲ್ಲಿ ಸುಮಾರು ಜನ ಈ ಪೇಜಿಗೆ ಬಂದಿದ್ದೇ ಇದ್ರ ರೀಲ್ ನೋಡಿ. ಹಲಸಿನ ಪಟ್ಟಿಗಳನ್ನ ಓರೆಯಾಗಿ ಜೋಡಿಸಿ ಗುಡ್ಡ, ಹಿಂದೆ ಸೂರ್ಯ. ಈಗಲೂ ವಾರಕ್ಕೊಬ್ರಾದ್ರೂ ಮೆಸೇಜ್ ಮಾಡ್ತಾರೆ, "ನಮ್ಮನೇಲೂ ಹಳೇ ಬಾಗಿಲಿದೆ, ಹೇಗೆ ಕಟ್ ಮಾಡೋದು ಹೇಳಿ" ಅಂತ.

ಉತ್ತರ: ಮಾಡ್ಬೇಡಿ. ನಾನೂ ಮಾಡ್ಬಾರದಿತ್ತು.

ಫೋಟೋ 2

ತೀರ್ಥಹಳ್ಳಿ ಹತ್ರದ ಅಜ್ಜನ ಮನೆ ಕೆಡವಿದಾಗ ಮರವೆಲ್ಲ ಪಾಲಾಯ್ತು. ತೊಲೆ, ಕಂಬ ಹಳೇ ಮರದ ವ್ಯಾಪಾರಿಗೆ ಹೋಯ್ತು. ಒಳಕೋಣೆ ಬಾಗಿಲಿನ ಎರಡು ಕದದಲ್ಲಿ ಒಂದು ನಂಗೆ, ಇನ್ನೊಂದು ಚಿಕ್ಕಪ್ಪಂಗೆ. ನಾನು ಬೆಂಗಳೂರಿನ ಫ್ಲಾಟಿಗೆ ತಂದು, ಬಾಡಿಗೆ ಕಟ್ಟರಿಂದ ಬಾಲ್ಕನಿಯಲ್ಲೇ ಎರಡು ದಿನದಲ್ಲಿ ಸೀಳಿ ಹಾಕ್ದೆ. ಪಕ್ಕದ ಮನೆಯವರು ಧೂಳಿಗೆ ಬೈದ್ರು, ಅದು ಬೇರೆ ಕಥೆ.

ದೀಪಾವಳಿಗೆ ದೊಡ್ಡಮ್ಮ ಬಂದಿದ್ರು. "ಚಂದ ಮಾಡಿದೀಯೇ" ಅಂದ್ರು. ಆಮೇಲೆ ಪಟ್ಟಿಗಳ ಮೇಲೆ ಕೈ ಆಡಿಸ್ತಾ ಕೇಳಿದ್ರು, "ಅಗುಳಿ ಜಾಗ ಯಾವ್ದೇ ಇದ್ರಲ್ಲಿ?"

ಅಗುಳಿ ಪಕ್ಕದ ಮರ ಕೈ ತಾಗಿ ತಾಗಿ ಸವೆದು ತಗ್ಗಾಗಿತ್ತು. ಆ ತುಂಡು ಡಿಸೈನಿಗೆ ಕೂರ್ಲಿಲ್ಲ ಅಂತ ಕಸಕ್ಕೆ ಹಾಕಿದ್ದೆ. ಅದನ್ನ ಹೇಳೋಕಾಗ್ಲಿಲ್ಲ. "ಒಳಗಡೆ ಎಲ್ಲೋ ಇದೆ ದೊಡ್ಡಮ್ಮ" ಅಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಹುಡುಕಿದ್ರು.

ಫೋಟೋ 3

ಭಾವನೆ ಬದಿಗಿಡಿ, ಬರೀ ಕೆಲಸದ ಲೆಕ್ಕದಲ್ಲೇ ನೋಡೋಣ. ಹಲಸಿನ ಮರ ಹೊಸದಾಗಿ ಕೊಯ್ದಾಗ ಹಳದಿ. ಗಾಳಿ, ಬೆಳಕು ಬಿದ್ದು ವರ್ಷಗಟ್ಟಲೆ ಆದ್ಮೇಲೆ ಕಂದು ಬಣ್ಣಕ್ಕೆ ಬರತ್ತೆ. ನಮಗೆ ಇಷ್ಟ ಆಗೋ ಆ "ಹಳೇ ಲುಕ್" ಇರೋದು ಮೇಲಿನ ತೆಳು ಪದರದಲ್ಲಿ. 80 ನಂಬರ್ ಸ್ಯಾಂಡ್ ಪೇಪರಿಂದ ನಾಲ್ಕು ಸಲ ಉಜ್ಜಿದ್ರೆ ಅದು ಹೋಯ್ತು, ಕೆಳಗೆ ಮತ್ತೆ ಹಳದಿ ಇಣುಕತ್ತೆ. ಆಮೇಲೆ ಏನ್ಮಾಡ್ತೀವಿ? ಅಂಗಡಿಯಿಂದ ವಾಲ್ನಟ್ ಸ್ಟೇನ್ ತಂದು ಹಳೇ ಮರದ ಥರ ಕಾಣ್ಲಿ ಅಂತ ಬಳೀತೀವಿ! ನಾನೂ ಬಳಿದಿದ್ದೆ. ಅಷ್ಟಕ್ಕೆ ನಿಜವಾದ ಹಳೇ ಬಾಗಿಲು ಯಾಕೆ ಬೇಕಿತ್ತು?

ಇನ್ನೊಂದು, ಆ ಕದದಲ್ಲಿ ಕಬ್ಬಿಣದ ಮೊಳೆ ಒಂದೂ ಇರ್ಲಿಲ್ಲ. ಮರದ ಗೂಟ ಹೊಡೆದೇ ಕೂಡಿಸಿದ್ರು. ಮಾಡಿದ ಆಚಾರ್ರು ಯಾರೋ ಗೊತ್ತಿಲ್ಲ. ಅವರ ಕೆಲಸ ಹಾಳು ಮಾಡಿ ಅದ್ರ ಮೇಲೆ ನನ್ನ ಪೇಜಿನ ಹೆಸರು ಹಾಕ್ಕೊಂಡೆ.

"ಇಲ್ಲಾಂದ್ರೆ ಸೌದೆಗೆ ಹೋಗ್ತಿತ್ತಲ್ಲ" ಅಂತ ಕಾಮೆಂಟ್ ಬರತ್ತೆ, ಗೊತ್ತು. ಹುಳ ತಿಂದಿದ್ರೆ, ಬುಡ ಲಡ್ಡಾಗಿದ್ರೆ ಸರಿ, ಕತ್ತರಿಸಿ, ಒಳ್ಳೇ ಭಾಗ ಉಳಿಸ್ಕೊಳ್ಳಿ. ಆದ್ರೆ ಕದ ಗಟ್ಟಿ ಇದ್ರೆ ಇಡಿಯಾಗಿ ಗೋಡೆಗೆ ಹಾಕಿ. ಒದ್ದೆ ಬಟ್ಟೇಲಿ ಒರೆಸಿ, ಒಣಗಿಸಿ, ತೆಳ್ಳಗೆ ಎಣ್ಣೆ ಹಚ್ಚಿದ್ರೆ ಮುಗೀತು. ಅಗಸೆ ಎಣ್ಣೆ ಆದ್ರೆ ಹಚ್ಚಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಬಿಡ್ಬೇಡಿ, ತಾನಾಗೇ ಕಾವೇರಿ ಹೊತ್ತಿಕೊಳ್ಳತ್ತೆ. ಬಿಡಿಸಿ ಹೊರಗೆ ಒಣಹಾಕಿ. ಬಾಗಿಲಿಗೆ ಹಳೇ ಎನಾಮೆಲ್ ಬಣ್ಣ ಇದ್ರೆ ಒಣಗಿದ ಹಾಗೇ ಉಜ್ಜಲೇಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಬಣ್ಣದ ಧೂಳಲ್ಲಿ ಸೀಸ ಇರಬಹುದು. ಮಕ್ಕಳಿರೋ ಮನೇಲಿ ಆ ಧೂಳು ಬೇಡ.

ಫೋಟೋ 4

ಹಾಗಾದ್ರೆ ವಾಲ್ ಆರ್ಟ್ ಯಾವುದ್ರಲ್ಲಿ ಮಾಡೋದು? ಚೂರಲ್ಲಿ. ನಿಮ್ಮ ಏರಿಯಾದಲ್ಲಿ ಬಾಗಿಲು, ಕಿಟಕಿ ಮಾಡೋ ವರ್ಕ್‌ಶಾಪಿಗೆ ಹೋಗಿ. ತೇಗ, ಹೊನ್ನೆ, ಸಿಲ್ವರ್ ಓಕ್, ಎಲ್ಲದರ ತುಂಡು ಮೂಲೇಲಿ ಬಿದ್ದಿರತ್ತೆ. ಅವರಿಗೆ ಅದು ತೊಂದ್ರೆ, ನಿಮಗೆ ನಾಲ್ಕು ಬಣ್ಣ. ಈ ಫೋಟೋದಲ್ಲಿರೋದು ಅದೇ, ಸ್ಟೇನ್ ಒಂದು ಹನಿಯೂ ಇಲ್ಲ.

ಮೈಸೂರಿನ ಬೀಟೆ ಮರದ ಕುಸುರಿ ಫಲಕ ಹತ್ರದಿಂದ ನೋಡಿದೀರಾ? ಕಪ್ಪು ಛಾಯೆಯ ಬೀಟೆಯಲ್ಲಿ ಕೊರೆದ ಜಾಗಕ್ಕೆ ಬೇರೆ ಬೇರೆ ಮರದ ಸಣ್ಣ ತುಂಡು ಕೂರಿಸಿರ್ತಾರೆ. ಹಳದಿ ಬೇಕಾದ ಕಡೆ ಹಲಸು. ನಮ್ಮ ರಾಜ್ಯದ ಅತೀ ಚಂದದ ಗೋಡೆ ಅಲಂಕಾರ ನಿಂತಿರೋದೇ ಬೆರಳಗಲದ ಚೂರುಗಳ ಮೇಲೆ. ಅದಕ್ಕೆ ಯಾರೂ ಬಾಗಿಲು ಒಡೀಬೇಕಿಲ್ಲ.

ಪ್ಯಾಕಿಂಗ್ ಪ್ಯಾಲೆಟ್ ಮರಾನೂ ಆಗತ್ತೆ, ಮುದ್ರೆ ನೋಡಿ ತಗೊಳ್ಳಿ. ಎಚ್‌ಟಿ ಅಂತಿದ್ರೆ ಬಿಸಿ ಮಾಡಿ ಹುಳ ಕೊಂದಿದ್ದು (ಮರದ ಒಳಗೂ 56 ಡಿಗ್ರಿ, 30 ನಿಮಿಷ). ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟಿದ್ದು, ಅದು ಮನೆ ಒಳಗೆ ಬೇಡ. ಆನ್‌ಲೈನಲ್ಲಿ ಸಿಗೋ ಎಂಡಿಎಫ್ ಕಟಿಂಗ್ ಬಗ್ಗೆ ಹೆಚ್ಚು ಹೇಳಲ್ಲ. ಮಲೆನಾಡಿನ ಒಂದು ಮಳೆಗಾಲ ಕಂಡ್ರೆ ಅಂಚೆಲ್ಲ ಊದ್ಕೊಳ್ಳತ್ತೆ.

ಫೋಟೋ 5

ಇದು ಚಿಕ್ಕಪ್ಪನ ಪಾಲಿನ ಕದ. ಕೊಟ್ಟಿಗೇಲಿ ಟಾರ್ಪಾಲ್ ಕೆಳಗಿದೆ. ಅವರೂ ನನ್ನ ರೀಲ್ ನೋಡಿ, "ಇದನ್ನೂ ನೀನೇ ತಗೊಂಡ್ಹೋಗಿ ಏನಾದ್ರೂ ಮಾಡು" ಅಂದಿದ್ರು. ಮಾಡಲ್ಲ ಅಂದೆ, ಹಾಗೇ ತಂದು ದೊಡ್ಡಮ್ಮನ ಮನೆ ಗೋಡೆಗೆ ಹಾಕ್ತೀನಿ ಅಂದೆ. ಭಾರ ಎಷ್ಟಿದೆ ಅಂದ್ರೆ ಇಬ್ರು ಎತ್ತೋದೇ ಕಷ್ಟ, ಗೋಡೆಗೆ ಮಾಮೂಲಿ ಮೊಳೆ ಸಾಕಾಗಲ್ಲ. ಇಷ್ಟು ಭಾರದ್ದನ್ನ ಹಳೇ ಮಣ್ಣಿನ ಗೋಡೆಗೆ ಹಾಕಿ ಅನುಭವ ಇರೋರು ಯಾರಾದ್ರೂ ಇದ್ರೆ ಹೇಳಿ. ನಂಗೆ ಹೊಳೀತಿರೋದು, ಭಾರವೆಲ್ಲ ನೆಲದ ಮೇಲೆ ಬಿಟ್ಟು ಮೇಲ್ಗಡೆ ಬರೀ ಬೀಳದ ಹಾಗೆ ಹಿಡಿದಿಡೋದು.

ಇದ್ರ ಅಗುಳಿ ಜಾಗ ಹಾಗೇ ಇದೆ. ಕೊನೇ ಫೋಟೋ ಝೂಮ್ ಮಾಡಿ ನೋಡಿ.