ಆರ್‌ಎಕ್ಸ್ 100 ಎಲ್ಲ ಬೈಕುಗಳನ್ನೂ ಸೋಲಿಸುತ್ತದೆಯೇ? ಡ್ರ್ಯಾಗ್ ರೇಸಿನ ಅಸಲಿ ಲೆಕ್ಕ

ಖಾಲಿ ರಸ್ತೆ, ಪಕ್ಕಪಕ್ಕ ಎರಡು ಬೈಕು. ಒಂದು ಹೊಸದು, ಇನ್ನೊಂದು ಹೊಗೆ ಬಿಡುವ ಹಳೆಯ ಯಮಹಾ ಆರ್‌ಎಕ್ಸ್ 100. ಯಾರೋ ಕರ್ಚೀಫ್ ಕೆಳಗೆ ಬಿಡುತ್ತಾರೆ, ಹಳೆಯದು ಮುಂದೆ ಜಿಗಿಯುತ್ತದೆ. "ಯಾವ ಹೊಸ ಬೈಕೂ ಇದರ ಮುಂದೆ ನಿಲ್ಲಲ್ಲ" ಎಂಬ ಸಾಲಿನ ಜೊತೆ ಇಂಥ ವಿಡಿಯೊ ನಿಮ್ಮ ಗುಂಪಿಗೂ ಬಂದಿರಬಹುದು. ಶಿಕಾರಿಪುರ, ಸೊರಬ ಕಡೆಯ ಹುಡುಗರಾದರೆ ಇದನ್ನು ನೋಡಿದ ಮೇಲೆ ಶಿರಾಳಕೊಪ್ಪ ರಸ್ತೆಯ ಉದ್ದನೆಯ ನೇರ ತುಂಡು ನೆನಪಾಗುವುದೂ ಸಹಜ.

ಈ ಮಾತಿನಲ್ಲಿ ಅರ್ಧ ನಿಜವಿದೆ.

1985ರಲ್ಲಿ ಬಂದು 1996ರಲ್ಲಿ ನಿಂತುಹೋದ ಆರ್‌ಎಕ್ಸ್ 100 ಸುಮಾರು 11 ಅಶ್ವಶಕ್ತಿಯ, ಹೆಚ್ಚುಕಡಿಮೆ 100 ಕೆಜಿ ತೂಕದ ಟೂ ಸ್ಟ್ರೋಕ್ ಬೈಕು. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಮ್ಮೆ ಪೆಟ್ರೋಲ್ ಉರಿಯುತ್ತದೆ. ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಜೊತೆಗೆ ಎಂಜಿನ್ ವೇಗ ಒಂದು ಮಟ್ಟ ದಾಟುವವರೆಗೆ ಸಪ್ಪೆಯಾಗಿದ್ದು, ದಾಟಿದ ಕೂಡಲೇ ಜಗ್ಗುತ್ತದೆ. ನಾವು "ಪಿಕಪ್" ಎನ್ನುವುದು ಈ ಜಗ್ಗುವಿಕೆಯನ್ನೇ. ಅದು ಮೈಗೆ ತಟ್ಟುವಷ್ಟು ಗಡಿಯಾರಕ್ಕೆ ತಟ್ಟುವುದಿಲ್ಲ.

ಲೆಕ್ಕ ಹಾಕಿ ನೋಡಿ. ಸವಾರನ ತೂಕ 65 ಕೆಜಿ ಎಂದಿಟ್ಟುಕೊಂಡರೆ ಆರ್‌ಎಕ್ಸ್‌ಗೆ ಪ್ರತಿ ಅಶ್ವಶಕ್ತಿಗೆ 15 ಕೆಜಿ ಹೊರೆ. ಇಂದಿನ ಮೈಲೇಜ್ ಕೊಡುವ 100 ಸಿಸಿ ಬೈಕುಗಳಿಗೆ, ಅಂದರೆ ಸುಮಾರು 8 ಅಶ್ವಶಕ್ತಿ, 110 ಕೆಜಿಯವಕ್ಕೆ, ಈ ಹೊರೆ 22 ಕೆಜಿ. ಹಾಗಾಗಿ ಅವುಗಳನ್ನು ಆರ್‌ಎಕ್ಸ್ ಹಿಂದೆ ಹಾಕುವುದು ನಿಜ. ಆದರೆ 18 ಅಶ್ವಶಕ್ತಿ, 140 ಕೆಜಿಯ ಈಗಿನ 155 ಸಿಸಿ ಸ್ಪೋರ್ಟ್ಸ್ ಬೈಕಿಗೆ ಹೊರೆ ಬರೀ 11 ಕೆಜಿ. ಅಲ್ಲಿ ಮೂಲ ಸ್ಥಿತಿಯ ಆರ್‌ಎಕ್ಸ್ ಗೆದ್ದಿದ್ದರೆ ಗೆದ್ದದ್ದು ಬಹುಶಃ ಸವಾರನ ಕ್ಲಚ್ ಕೈ.

ಇನ್ನೊಂದು ನಂಬಿಕೆ: ಸೈಲೆನ್ಸರ್ ಒಳಗಿನ ಬ್ಯಾಫಲ್ ಕಿತ್ತರೆ ಪಿಕಪ್ ಹೆಚ್ಚುತ್ತದೆ. ಟೂ ಸ್ಟ್ರೋಕ್ ಬೈಕಿನ ಸೈಲೆನ್ಸರ್ ಬರೀ ಶಬ್ದ ತಡೆಯುವ ಕೊಳವೆಯಲ್ಲ. ಅದರ ಉಬ್ಬು ತಗ್ಗಿಗೆ ಬಡಿದು ಮರಳುವ ಒತ್ತಡದ ಅಲೆ, ಹೊರಗೆ ಜಾರುತ್ತಿರುವ ಹೊಸ ಪೆಟ್ರೋಲ್ ಗಾಳಿಯನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಅಳತೆಯಿಲ್ಲದೆ ಕತ್ತರಿಸಿದರೆ ಆ ಹೊಂದಾಣಿಕೆ ಕೆಡುತ್ತದೆ. ಶಬ್ದ ಹೆಚ್ಚಿ, ಶಕ್ತಿ ಕಡಿಮೆಯಾಗುವುದೇ ಹೆಚ್ಚು. ಕಿವಿ ಮಾತ್ರ ವೇಗ ಹೆಚ್ಚಿತೆಂದು ನಂಬಿಬಿಡುತ್ತದೆ.

ಹಾಗಾದರೆ ಹಳೆಯ ಬೈಕುಗಳ ನಿಜವಾದ ಡ್ರ್ಯಾಗ್ ರೇಸ್ ಎಲ್ಲಿ ನಡೆಯುತ್ತದೆ? ಅಮೆರಿಕದಲ್ಲಿ ಹಳೆಯ ಕಾರುಗಳಿಗೆಂದೇ ಇಂಥ ಕೂಟಗಳಿವೆ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಬಳಿಯ ಮಾರ್ಚ್ ಮೀಟ್ 1959ರಷ್ಟು ಹಳೆಯದು. ನಮ್ಮಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ನಡೆದಿರುವ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್‌ನಲ್ಲಿ ಟೂ ಸ್ಟ್ರೋಕ್ ಬೈಕುಗಳಿಗೆ 130 ಸಿಸಿ ಮತ್ತು 165 ಸಿಸಿವರೆಗಿನ ಪ್ರತ್ಯೇಕ ವರ್ಗಗಳಿವೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಬಾರಿ ಚಾಂಪಿಯನ್ ಆದದ್ದು ಇದರ ದೊಡ್ಡ ಬೈಕುಗಳ ವರ್ಗದಲ್ಲಿ. ಹಳೆಯದು ಹಳೆಯದರ ಜೊತೆ, ಹೊಸದು ಹೊಸದರ ಜೊತೆ ಓಡುತ್ತದೆ. ಫಾರ್ವರ್ಡ್‌ನ ಜಗಳವೇ ಅಲ್ಲಿಲ್ಲ.

ಅಲ್ಲಿ ಕರ್ಚೀಫೂ ಇಲ್ಲ. ದೀಪ ಹಸಿರಾಗಬೇಕು, ಮುಂದಿನ ಚಕ್ರ ಬೆಳಕಿನ ಕಿರಣವನ್ನು ಬಿಟ್ಟಾಗ ಗಡಿಯಾರ ಶುರುವಾಗಬೇಕು. ಹಸಿರು ಬಂದ ಮೇಲೆ ಅರ್ಧ ಸೆಕೆಂಡ್ ತಡವಾಗಿ ಹೊರಟರೂ ನಿಮ್ಮ ಓಟದ ಸಮಯ ಹಾಳಾಗುವುದಿಲ್ಲ, ಆದರೆ ಪಕ್ಕದವನು ಮೊದಲು ಗೆರೆ ದಾಟಿರುತ್ತಾನೆ. ಮೊಬೈಲ್ ವಿಡಿಯೊದಲ್ಲಿ ಈ ಎರಡೂ ಕಲಸಿಹೋಗಿರುತ್ತವೆ.

ಇಷ್ಟಾದರೂ ಸಂಘಟಕರ ದೊಡ್ಡ ತಲೆನೋವು ಗೆರೆಯ ಆಚೆಗಿನ ರಸ್ತೆ. ಹೋರಿ ಹಬ್ಬ ಮಾಡಿದ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ: ಅಖಾಡ ಮುಗಿಯಿತೆಂದು ಹೋರಿ ನಿಲ್ಲುವುದಿಲ್ಲ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಬ್ರೇಕ್ ಹಿಡಿಯಬೇಕೆಂದು ಹೊಳೆಯುವ ಒಂದು ಸೆಕೆಂಡಿನಲ್ಲೇ 25 ಮೀಟರ್ ಹೋಯಿತು. ಒಣ ಡಾಂಬರಿನ ಮೇಲೆ ಹಳೆಯ ಡ್ರಮ್ ಬ್ರೇಕ್ ಚೆನ್ನಾಗಿ ಹಿಡಿದರೂ ಇನ್ನೂ 60 ಮೀಟರ್ ಬೇಕು. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ. ಕಾಳಿನ ಮೇಲೆ ಟೈರಿನ ಹಿಡಿತ ಅರ್ಧಕ್ಕಿಳಿದರೆ ಆ 60 ಮೀಟರ್ 120 ಆಗುತ್ತದೆ. ಅಷ್ಟರಲ್ಲಿ ಕೆರೆ ಏರಿಯ ತಿರುವೋ, ಅಡಿಕೆ ತೋಟದಿಂದ ಹೊರಬರುವ ಟ್ರ್ಯಾಕ್ಟರೋ ಎದುರಾಗಬಹುದು. ವಿಡಿಯೊ ಗೆರೆ ದಾಟಿದಲ್ಲಿಗೇ ಕಟ್ ಆಗಿರುತ್ತದೆ, ಗಮನಿಸಿ.

ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನೆಯಲ್ಲಿ ನಿಂತಿರುವ ಅಪ್ಪನ ಹಳೆಯ ಆರ್‌ಎಕ್ಸ್ ಅನ್ನು 18 ತುಂಬದ ಮಗ ಓಡಿಸಿ ತಪ್ಪು ಮಾಡಿದರೆ, 2019ರ ತಿದ್ದುಪಡಿಯಂತೆ ಹೊಣೆ ಅಪ್ಪನ ಮೇಲೆ: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ಬೈಕಿನ ನೋಂದಣಿ ರದ್ದು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

"ಆರ್‌ಎಕ್ಸ್ ಡ್ರ್ಯಾಗ್ ಮೀಟ್" ಎಂಬ ಪೋಸ್ಟರ್ ನಿಮ್ಮ ಗುಂಪಿಗೆ ಬಂದರೆ ಸಂಘಟಕರಿಗೆ ಫೋನ್ ಮಾಡಿ. ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅನುಮತಿ ಇದೆಯೇ, ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ, ಗೆರೆ ದಾಟಿದ ಮೇಲೆ ಎಷ್ಟು ಮೀಟರ್ ರಸ್ತೆ ಖಾಲಿ ಬಿಟ್ಟಿದ್ದೀರಿ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಎಂಟ್ರಿ ಫೀ ಕಟ್ಟಬೇಡಿ, ಪೋಸ್ಟರನ್ನೂ ಮುಂದಕ್ಕೆ ಕಳಿಸಬೇಡಿ.